ಕಂಟ್ರೋಲರು ಯಾವ ಪ್ರಾಣಿ

ಮನುಷ್ಯನಿಗೆ ಕೂರಲು ಏನಾದರೊಂದು ಬೇಕು. ಕಟ್ಟೆಯಾದರೂ ಸರಿ, ಮಗುಚಿಟ್ಟ ಬಕೆಟ್ಟಾದರೂ ಸರಿ, ಸುಸ್ತಾದ ಸೊಂಟ ತಕರಾರು ಮಾಡುವುದಿಲ್ಲ. ಆದರೆ ತಾನು ಕೂರುವ ಕುರ್ಚಿ ತನ್ನ ಬಗ್ಗೆ ನಾಲ್ಕು ಜನಕ್ಕೆ ಏನು ಹೇಳುತ್ತದೆ ಎಂದು ಯೋಚಿಸಲು ಶುರುಮಾಡಿದನೋ, ಅಲ್ಲಿಗೆ ಅವನು ಕೂತಂತೆಯೇ. ನಮ್ಮ ಕಂಟ್ರೋಲರಿಗೆ ಆದದ್ದೂ ಅದೇ.

ಕಂಟ್ರೋಲರು ಬಸ್ ಡಿಪೋದ ಮುಂದಿನ ಗೇಟಿನವರು. ಗೇಟಿನ ಪಕ್ಕ ಒಂದು ತಗಡಿನ ಗೂಡು, ಗೂಡಿಗೊಂದು ಕಿಟಕಿ, ಕಿಟಕಿಯೊಳಗೆ ಅವರು. ಬಸ್ಸು ಬಂದಾಗ ಕತ್ತು ಹೊರಗೆ ಹಾಕುವುದು, ನಂಬರು ನೋಡುವುದು, ಸೀಟಿ ಊದುವುದು, ಡ್ರೈವರು ಏನಾದರೂ ಅನ್ನುವ ಮೊದಲು ಕತ್ತು ಒಳಗೆ ಎಳೆದುಕೊಳ್ಳುವುದು. ಈ ಕೆಲಸಕ್ಕೆ ಇರುವುದು ಒಂದೇ ಧರ್ಮ: ಟೈಮಾದ ಮೇಲೆ ಗಾಡಿ ನಿಲ್ಲಬಾರದು. ಹಾರನ್ ಸತ್ತಿರಲಿ, ಕಿಟಕಿಗೆ ಗಾಜು ಇಲ್ಲದಿರಲಿ, ಕಂಡಕ್ಟರು ಇನ್ನೂ ಚಹಾದ ಲೋಟ ಹಿಡಿದಿರಲಿ, ಗಾಡಿ ಗೇಟು ದಾಟಬೇಕು. ಗೇಟು ದಾಟಿದ ಮೇಲೆ ಅದು ಕೆಟ್ಟು ನಿಂತರೆ ಬೇರೆ ಇಲಾಖೆಯ ಪಾಪ.

ಅವರಲ್ಲಿ ಇದ್ದ ಒಂದೇ ಊನವೆಂದರೆ, ಸೀಟಿ ಊದಿದರೆ ಡ್ರೈವರುಗಳು ಸೀಟಿ ಊದಿದ್ದು ಬೇರೆ ಯಾರಾದರೂ ಇರಬಹುದೇ ಎಂದು ಒಮ್ಮೆ ಸುತ್ತ ನೋಡುತ್ತಿದ್ದರು. ಕಂಟ್ರೋಲರೇ ಎಂದು ಖಾತ್ರಿಯಾದರೆ ಬೀಡಿ ಮುಗಿಸಿಯೇ ಹೊರಡುತ್ತಿದ್ದರು.

ಹೀಗಿರುವಾಗ ಡಿಪೋದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಖಾಲಿಯಾಯಿತು. ಆ ಹುದ್ದೆಗೆ ಬಾಗಿಲಿರುವ ಕೋಣೆ ಇತ್ತು, ತಿರುಗುವ ಫ್ಯಾನಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಶಿಫ್ಟ್ ಇರಲಿಲ್ಲ. ಕಂಟ್ರೋಲರು ಮದುವೆಯಾದಾಗಿನಿಂದ ಮನೆಯವರ ಬೆಳಗಿನ ತಿಂಡಿಯ ಹೊತ್ತಿಗೆ ರಾತ್ರಿಯ ಊಟ ಮಾಡಿದವರು. ಮಗಳು ಎಷ್ಟು ಎತ್ತರ ಬೆಳೆದಿದ್ದಾಳೆ ಎಂದು ಕೇಳಿದರೆ ಅವರು ಕೈಯನ್ನು ಅಡ್ಡಡ್ಡ ಹಿಡಿದು ತೋರಿಸುತ್ತಿದ್ದರು. ನಿಂತಿದ್ದನ್ನು ನೋಡಿದ್ದಕ್ಕಿಂತ ಮಲಗಿದ್ದನ್ನು ನೋಡಿದ್ದೇ ಹೆಚ್ಚು. ಆದ್ದರಿಂದ ಆ ಹುದ್ದೆ ಅವರಿಗೆ ಬೇಕೇ ಬೇಕಿತ್ತು. ಅದು ಹಿಂದಿನ ಗೇಟಿನ ಕಂಟ್ರೋಲರಿಗೂ ಬೇಕಿತ್ತು. ಮ್ಯಾನೇಜರು ನಮ್ಮವರನ್ನು ಕರೆದು, ಸರ್ವಿಸ್ಸೇನೋ ಚೆನ್ನಾಗಿದೆ, ಆದರೆ ಆ ಕುರ್ಚಿಯಲ್ಲಿ ಕೂರುವವನನ್ನು ಕಂಡರೆ ಡ್ರೈವರುಗಳ ಕಾಲು ನಡುಗಬೇಕು, ನಿಮ್ಮಲ್ಲಿ ಅಂಥದ್ದು ಏನಾದರೂ ಇದೆಯೇ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಕಂಟ್ರೋಲರು ನೋಡಿಕೊಂಡರು. ಸಿಗಲಿಲ್ಲ. ಆದರೆ ತೋರಿಸಬಹುದು ಅನ್ನಿಸಿತು.

ದಾರಿ ಡಿಪೋದ ಹಿತ್ತಿಲಲ್ಲೇ ಇತ್ತು. ಹಿಂದೆ ಮರದ ಬಸ್ಸುಗಳನ್ನು ಕಟ್ಟುತ್ತಿದ್ದ ದೊಡ್ಡ ಶೆಡ್ಡೊಂದು ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಹಿಡಿದ ಹೆಂಗಸೊಬ್ಬರು ಹಳೆ ಬಸ್ಸುಗಳ ನೆಲದ ಹಲಗೆಗಳಿಂದ ಪ್ರಾಣಿಗಳ ಆಕಾರದ ಕುರ್ಚಿ, ಮೇಜು, ಕಪಾಟುಗಳನ್ನು ಮಾಡುತ್ತಿದ್ದರು. ಶೆಡ್ಡಿನ ಮೇಡಂ ಎಂದರೆ ಎಲ್ಲರಿಗೂ ಗೊತ್ತು. ಅವರ ಕೆಲಸದ ರೀತಿಯೇ ಬೇರೆ. ಯಾವ ಪ್ರಾಣಿ ಬೇಕು ಎಂದು ಅವರು ಗಿರಾಕಿಯನ್ನು ಕೇಳುತ್ತಿರಲಿಲ್ಲ. ಗಿರಾಕಿಯ ಮನೆಗೆ ಬಂದು, ಒಂದು ಇಡೀ ದಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅವರು ಓಡಾಡುವುದನ್ನು, ಉಣ್ಣುವುದನ್ನು, ಜಗಳವಾಡುವುದನ್ನು ನೋಡುತ್ತಿದ್ದರು. ಆಮೇಲೆ ಅವರಿಗೆ ಕಂಡ ಪ್ರಾಣಿಯನ್ನು ಮಾಡುತ್ತಿದ್ದರು. ಪೇಟೆಯ ಡಾಕ್ಟರಿಗೆ ಕೊಕ್ಕರೆಯ ಆಕಾರದ ಔಷಧಿ ಕಪಾಟು ಸಿಕ್ಕಿತ್ತು. ಒಂಟಿ ಕಾಲಲ್ಲಿ ನಿಂತು ಮೀನಿಗೆ ಕಾಯುತ್ತಿರುವ ಕೊಕ್ಕರೆ. ಡಾಕ್ಟರು ಅದನ್ನು ಏಕಾಗ್ರತೆಯ ಗುರುತು ಎಂದು ತಿಳಿದು ಬಾಗಿಲಲ್ಲೇ ಇಟ್ಟುಕೊಂಡಿದ್ದರು. ಒಬ್ಬ ವಕೀಲರು ತಮಗೆ ಬಂದ ಮೇಜನ್ನು ಈವರೆಗೆ ಯಾರಿಗೂ ತೋರಿಸಿಲ್ಲ. ಅದರ ಮೇಲೆ ಹೊದಿಸಿದ ಬಟ್ಟೆಯ ಕೆಳಗಿಂದ ಬಾಲ ಮಾತ್ರ ಕಾಣುತ್ತದೆ. ಹೀಗಾಗಿ ಮೇಡಂ ಮಾಡಿಕೊಟ್ಟ ಪ್ರಾಣಿ ಎಂದರೆ ಊರಿನಲ್ಲಿ ಅದು ಬರೀ ಮರದ ಸಾಮಾನಲ್ಲ, ತೀರ್ಪು.

ಆ ಹಳೆ ಹಲಗೆಗಳನ್ನು ಗುಜರಿಯವನೂ ಮುಟ್ಟದೆ ಬಿಟ್ಟಿದ್ದಾಗ ಮೇಡಮ್ಮಿಗೆ ಕೊಡಿಸಿದ್ದು ನಮ್ಮ ಕಂಟ್ರೋಲರೇ. ಆ ಉಪಕಾರಕ್ಕೆ ಅವರು ಒಂದು ಕುರ್ಚಿ ಮಾಡಿಕೊಡುವುದಾಗಿ ಎಂದೋ ಹೇಳಿದ್ದರು. ಕಂಟ್ರೋಲರು ಈಗ ಹೋಗಿ ನೆನಪು ಮಾಡಿದರು. ಮೇಡಂ ಆಗಲಿ ಎಂದರು. ಕಂಟ್ರೋಲರು ಅಂದಿನಿಂದಲೇ ಸಿಂಹವಾಗಲು ಶುರುಮಾಡಿದರು.

ನೋಡುವ ದಿನ ಅವರು ರಜೆ ಹಾಕಿ, ಯೂನಿಫಾರಂ ಇಸ್ತ್ರಿ ಮಾಡಿಸಿ, ನಡುಮನೆಯ ಮಧ್ಯದಲ್ಲಿ ಎದೆ ಸೆಟೆಸಿ ಕೂತರು. ಸಿಂಹ ಹೇಗೆ ಕೂರುತ್ತದೆ ಎಂದು ಟಿವಿಯಲ್ಲಿ ನೋಡಿ ಅಭ್ಯಾಸ ಮಾಡಿದ್ದರು. ಸಿಂಹ ಥಟ್ಟನೆ ತಿರುಗುವುದಿಲ್ಲ. ಯಾರಾದರೂ ಕರೆದರೆ ಮೊದಲು ಕಣ್ಣು, ಆಮೇಲೆ ಗಲ್ಲ, ಕೊನೆಗೆ ಕತ್ತು. ಇದನ್ನು ಎರಡು ಸಲ ನೋಡಿದ ಹೆಂಡತಿ ಹೋಗಿ ನೋವಿನ ಮುಲಾಮು ತಂದು ಕತ್ತಿಗೆ ಉಜ್ಜಲು ಬಂದರು. ಅವರ ಜೊತೆಗೇ ಇರುವ ಮಾವ, ಅಂದರೆ ಹೆಂಡತಿಯ ತಂದೆ, ದಿಂಬು ಬದಲಾಯಿಸಿ ಎಂದು ತಿಂಗಳಿಂದ ಹೇಳುತ್ತಿದ್ದೇನೆ ಎಂದರು. ಮೇಡಂ ಮೂಲೆಯಲ್ಲಿ ಕೂತು ನೋಡಿದರು.

ಹತ್ತು ಗಂಟೆಯ ಸುಮಾರಿಗೆ ಗ್ಯಾಸ್ ಸಿಲಿಂಡರ್ ಬಂತು. ಬೇರೆ ದಿನವಾಗಿದ್ದರೆ ಕಂಟ್ರೋಲರು ಲುಂಗಿ ಎತ್ತಿಕಟ್ಟಿ ಓಡುತ್ತಿದ್ದರು. ಆದರೆ ಸಿಂಹ ಸಿಲಿಂಡರ್ ಹೊರುವುದಿಲ್ಲ. ಅವರು ಕೂತೇ ಇದ್ದರು. ಕೊನೆಗೆ ಹೆಂಡತಿ, ಮಗಳು, ಜೊತೆಗೆ ಮೇಡಮ್ಮೂ ಸೇರಿ ಅದನ್ನು ಉರುಳಿಸಿಕೊಂಡು ಅಡುಗೆಮನೆ ಸೇರಿಸಿದರು. ಕಂಟ್ರೋಲರು ಕಾಲು ಸ್ವಲ್ಪ ಮೇಲೆತ್ತಿ ದಾರಿ ಬಿಟ್ಟರು. ಮಧ್ಯಾಹ್ನ ಡಿಪೋಕ್ಕೆ ಫೋನು ಮಾಡಿ ಹೊಟ್ಟೆಯ ತಳದಿಂದ ದನಿ ತೆಗೆದು ಡ್ರೈವರೊಬ್ಬನನ್ನು ಗದರಿಸಿದರು. ಆತ ಬಹಳ ಮರ್ಯಾದೆಯಿಂದ, ತಾವು ಯಾರು ಮಾತಾಡೋದು, ಕಂಟ್ರೋಲರು ಇವತ್ತು ರಜೆ, ಏನಾದರೂ ಹೇಳಬೇಕಿದ್ದರೆ ನಾಳೆ ಹೇಳಿ ಎಂದು ತಿಳಿಸಿದ. ಊಟಕ್ಕೆ ಸಿಂಹವೇ ಮೊದಲು ಕೂತಿತು. ದಿನಾ ಎಲ್ಲರದ್ದೂ ಆದ ಮೇಲೆ ತಳ ಹಿಡಿದದ್ದನ್ನು ಕೆರೆದು ಉಣ್ಣುವ ಮನುಷ್ಯನಾದ್ದರಿಂದ ತಟ್ಟೆ ಯಾವುದೆಂದು ತಿಳಿಯದೆ ಮಗಳ ತಟ್ಟೆಗೆ ಕೈ ಹಾಕಿತು.

ಸಂಜೆ ಹೊರಡುವಾಗ ಮೇಡಮ್ಮಿನ ಮುಖದಲ್ಲಿ ಅಷ್ಟೇನೂ ತೃಪ್ತಿ ಇರಲಿಲ್ಲ. ಇನ್ನೂ ಸ್ವಲ್ಪ ನೋಡಬೇಕಿತ್ತು, ಪರವಾಗಿಲ್ಲ, ತಿಂಗಳ ಕೊನೆಗೆ ಆಗಬಹುದು ಎಂದು ಹೋದರು. ಕಂಟ್ರೋಲರು ಬಾಗಿಲು ಹಾಕಿ, ಉಸಿರು ಬಿಟ್ಟು, ಎದೆಯನ್ನು ಅದರ ಮಾಮೂಲಿ ಜಾಗಕ್ಕೆ ಇಳಿಸಿದರು.

ತಿಂಗಳ ಕೊನೆ ಬಂತು. ಕುರ್ಚಿ ಬರಲಿಲ್ಲ. ಆ ವಾರ ಮ್ಯಾನೇಜರು ಹುದ್ದೆಯ ಶಿಫಾರಸು ಕಳಿಸುವವರಿದ್ದರು. ಶೆಡ್ಡಿಗೆ ಹೋದರೆ ಮೇಡಂ ಮರ ನೋಡಲು ಬೇರೆ ಊರಿಗೆ ಹೋಗಿದ್ದಾರೆ ಎಂದು ತಿಳಿಯಿತು. ಬಾಗಿಲಿಗೆ ಚಿಲಕ ಮಾತ್ರ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅವರು ಬರುವ ತನಕ ಕಾಯುತ್ತಿದ್ದರು. ಆದರೆ ಜೀವಮಾನವೆಲ್ಲ ಗೇಟಿನಲ್ಲಿ ಕೂತವರಿಗೆ ಟೈಮಾದ ಮೇಲೂ ಒಳಗೆ ನಿಂತಿರುವ ವಸ್ತುವನ್ನು ಕಂಡರೆ ಆಗುವುದಿಲ್ಲ. ಅವರು ಡಿಪೋದ ಬ್ರೇಕ್‌ಡೌನ್ ವ್ಯಾನಿನ ಇಬ್ಬರು ಮೆಕ್ಯಾನಿಕ್ಕುಗಳನ್ನು ಕರೆದು, ಶೆಡ್ಡಿನಲ್ಲಿ ನನ್ನ ಕುರ್ಚಿ ಇದೆ, ಟೈಮಾಯಿತು, ಎಬ್ಬಿಸಿಕೊಂಡು ಬನ್ನಿ ಎಂದು ಕಳಿಸಿದರು. ನಡುರಸ್ತೆಯಲ್ಲಿ ಮಲಗಿದ ಬಸ್ಸುಗಳನ್ನೇ ಎಳೆದು ತರುವವರಿಗೆ ಕುರ್ಚಿ ಯಾವ ಲೆಕ್ಕ. ಮಧ್ಯಾಹ್ನದೊಳಗೆ ಅದು ಕಂಟ್ರೋಲರ ನಡುಮನೆಯಲ್ಲಿತ್ತು.

ದೊಡ್ಡ ಕುರ್ಚಿ. ನಾಲ್ಕು ಗಿಡ್ಡ ದಪ್ಪ ಕಾಲು, ಬೆನ್ನಿಗೆ ಅಗಲವಾದ ಒರಗು, ಒರಗಿನ ನೆತ್ತಿಯ ಮೇಲೆ ಕತ್ತಿನಂಥದ್ದು, ಕತ್ತಿನ ತುದಿಗೆ ತಲೆ. ಹಿಂಬದಿಯಲ್ಲಿ ಏನೋ ಚೌಕ ಚೌಕವಾಗಿ ಕೆತ್ತಿದ್ದಾರೆ, ಒಳ್ಳೆ ಕೆಲಸ ಎಂದು ಮೆಕ್ಯಾನಿಕ್ಕು ಹೇಳಿದ. ಆದರೆ ಕುರ್ಚಿಯ ಬೆನ್ನನ್ನು ಯಾರು ನೋಡುತ್ತಾರೆ, ಅದನ್ನು ಗೋಡೆಗೆ ಒತ್ತರಿಸಿ ಇಟ್ಟರು. ಎಲ್ಲರ ಕಣ್ಣೂ ಹೋದದ್ದು ತಲೆಯ ಕಡೆಗೆ. ಅಲ್ಲಿ ಒಂದು ಉಂಡೆ ಇತ್ತು, ಉಂಡೆಯ ಮೇಲೆ ಎರಡು ಉಬ್ಬು ಇದ್ದವು, ಪಕ್ಕದಲ್ಲಿ ಮರದ ಗಂಟೊಂದು ಕಣ್ಣಿನಂತೆ ನೋಡುತ್ತಿತ್ತು.

ಕಂಟ್ರೋಲರು ಸಿಂಹ ಎಂದರು. ಸಿಂಹಕ್ಕೆ ಕೇಸರ ಎಲ್ಲಿ ಎಂದು ಮಗಳು ಕೇಳಿದ್ದಕ್ಕೆ, ಇದು ಪ್ರಾಯದ ಸಿಂಹ, ಇನ್ನೂ ಬರಬೇಕು ಎಂದರು. ಹೆಂಡತಿ ತಲೆ ಓರೆ ಮಾಡಿ ನೋಡಿ, ಕರಡಿ ಇರಬಹುದೇನೋ, ನಿದ್ದೆಗೆಟ್ಟ ಕರಡಿ ಎಂದರು. ಮಾವ ಕೋಲು ಊರಿಕೊಂಡು ಬಂದು, ಕನ್ನಡಕ ಒರೆಸಿಕೊಂಡು, ಈ ಪಕ್ಕದಿಂದ ಆ ಪಕ್ಕಕ್ಕೆ ಒಮ್ಮೆ ನಡೆದು, ನಿಂತರು.

"ಕತ್ತೆ," ಅಂದರು. "ಇಷ್ಟು ವರ್ಷ ನಾನಾಗಿ ಬಾಯಿಬಿಟ್ಟು ಹೇಳಿರ್ಲಿಲ್ಲ, ಅಳಿಯಂದ್ರೇ. ಈಗ ತಿಳ್ದೋರೇ ಹೇಳಿದ್ದಾರೆ, ನನ್ನ ಮೇಲೆ ತಪ್ಪು ಬರಲ್ಲ."

ಎದುರು ಮನೆಯ ಟೈಲರಮ್ಮ ಬಂದರು. ಅವರು ಕಣ್ಣಳತೆಯಲ್ಲೇ ಮನುಷ್ಯರ ಸೊಂಟ ಹೇಳುವವರು. ಎರಡು ಉಬ್ಬುಗಳ ನಡುವಿನ ಅಂತರ ನೋಡಿ ಎಮ್ಮೆ ಎಂದು ತೀರ್ಮಾನ ಕೊಟ್ಟರು. ಕತ್ತೆಗೆ ಅಷ್ಟು ಅಗಲ ಬರೋಕೆ ಸಾಧ್ಯವೇ ಇಲ್ಲವಂತೆ. ಮಾವನಿಗೂ ಅವರಿಗೂ ಮಾತು ಬೆಳೆಯಿತು. ಕಂಟ್ರೋಲರು ನಡುವೆ ನಿಂತು, ಎರಡೂ ಅಲ್ಲ ಎಂಬುದನ್ನು ಯಾರಿಗೂ ಕೇಳಿಸದಷ್ಟು ಗಟ್ಟಿಯಾಗಿ ಹೇಳಿದರು.

ಸುದ್ದಿ ಡಿಪೋಕ್ಕೆ ಕಂಟ್ರೋಲರಿಗಿಂತ ಮೊದಲು ತಲುಪಿತು. ಹಿಂದಿನ ಗೇಟಿನವರು ಅದನ್ನು ಬಹಳ ನೋವಿನಿಂದ ಹಂಚಿದರು. ನಮ್ಮವರನ್ನು ತಜ್ಞರೊಬ್ಬರು ಇಡೀ ದಿನ ಪರೀಕ್ಷೆ ಮಾಡಿ ಕತ್ತೆ ಎಂದು ತೀರ್ಮಾನಿಸಿದ್ದಾರಂತೆ, ಪಾಪ, ಹಾಗೆಲ್ಲ ಅನ್ನಬಾರದಿತ್ತು, ನನಗಂತೂ ಊಟ ಸೇರಲಿಲ್ಲ ಎಂದು ಅವರು ಒಬ್ಬೊಬ್ಬ ಡ್ರೈವರನ್ನೂ ನಿಲ್ಲಿಸಿ ಹೇಳಿದರು. ಊಟ ಸೇರದವರ ಹೊಟ್ಟೆ ಆ ವಾರ ಸ್ವಲ್ಪ ಮುಂದೆಯೇ ಬಂದಿತ್ತು.

ಡ್ರೈವರುಗಳು ನೋಡಲು ಮನೆಗೇ ಬಂದರು. ಕಂಡಕ್ಟರುಗಳೂ ಬಂದರು. ಅಭ್ಯಾಸಬಲದಿಂದ ಬಾಗಿಲಲ್ಲಿ ಒಬ್ಬರು ನಿಂತು, ಮುಂದೆ ಹೋಗಿ, ಒಳಗೆ ಜಾಗ ಇದೆ, ಒಳಗೆ ಹೋಗಿ ಎನ್ನುತ್ತಿದ್ದರು. ಕಂಟ್ರೋಲರ ಹೆಂಡತಿ ಚಹಾ ಕುದಿಸಿ ಕುದಿಸಿ, ಕರಡಿಯೋ ಕತ್ತೆಯೋ, ಸಕ್ಕರೆ ತಿನ್ನುವ ಪ್ರಾಣಿ ಅನ್ನುವುದು ಮಾತ್ರ ನಿಜ ಎಂದರು. ಬೆಳಗಿನ ಶಿಫ್ಟಿನವರು ನೋಡಿ ಕರಡಿ ಎಂದು ಒಪ್ಪಿದರು. ರಾತ್ರಿ ಶಿಫ್ಟಿನವರು ಕತ್ತೆಯ ಪರವಾಗಿ ಗಟ್ಟಿಯಾಗಿ ನಿಂತರು. ಶಿಫ್ಟ್ ಬದಲಾಗುವ ಹೊತ್ತಿಗೆ ಎರಡು ಪಂಗಡಗಳೂ ಡಿಪೋದ ಅಂಗಳದಲ್ಲಿ ಎದುರುಬದುರಾಗಿ ವಾದಕ್ಕೆ ನಿಲ್ಲತೊಡಗಿದವು. ಬಸ್ಸುಗಳು ತಡವಾದವು. ನಿಲ್ದಾಣದಲ್ಲಿ ಕಾಯುತ್ತಿದ್ದ ಪ್ರಯಾಣಿಕರು ಕಾರಣ ಕೇಳಿ, ತಿಳಿದುಕೊಂಡು, ತಾವೂ ಎರಡು ಭಾಗವಾದರು.

ಕಂಟ್ರೋಲರು ಕೊನೆಯ ಪ್ರಯತ್ನವಾಗಿ ಮೆಕ್ಯಾನಿಕ್ಕುಗಳು ಗ್ರೀಸು ಒರೆಸಲು ಬಳಸುವ ಹತ್ತಿನೂಲಿನ ದೊಡ್ಡ ಗಂಟು ತಂದು, ಗೋಂದು ಹಚ್ಚಿ, ಉಂಡೆಯ ಸುತ್ತ ಕೇಸರ ಅಂಟಿಸಿದರು. ದೂರ ನಿಂತು ನೋಡಿದರು. ಬಿಳಿಯ ಕೂದಲು ನಾಲ್ಕು ಕಡೆಗೆ ಕೆದರಿತ್ತು. ಅಷ್ಟರಲ್ಲಿ ಒಳಗಿನಿಂದ ಬಂದ ಮಗಳು ಕುರ್ಚಿಗೆ, ಅಜ್ಜ, ಊಟಕ್ಕೆ ಬರಬೇಕಂತೆ ಎಂದು ಹೇಳಿ ಹೋದಳು. ಆ ಮನೆಯಲ್ಲಿ ಎಲ್ಲರ ಅಭಿಪ್ರಾಯ ಒಂದಾದದ್ದು ಅದೊಂದೇ ಸಲ. ಮಾವ ಮಾತ್ರ ಬಹಳ ಹೊತ್ತು ಕುರ್ಚಿಯ ಎದುರು ನಿಂತಿದ್ದು, ತಾವು ಈವರೆಗೆ ಯಾವ ಪ್ರಾಣಿ ಎಂದಿದ್ದರೆಂಬುದು ನೆನಪಾಗಿ, ನೂಲನ್ನು ಇವತ್ತೇ ಕೀಳಬೇಕು ಎಂದು ಹಟ ಹಿಡಿದರು. ಕಿತ್ತರು. ಗೋಂದಿಗೆ ಅಂಟಿದ ಒಂದಿಷ್ಟು ಎಳೆ ಹಾಗೇ ಉಳಿಯಿತು.

ಭಾನುವಾರ ಮ್ಯಾನೇಜರು ಖುದ್ದು ತನಿಖೆಗೆ ಬಂದರು. ಜೊತೆಗೆ ಹಿಂದಿನ ಗೇಟಿನವರು, ಸಾಹೇಬರ ಛತ್ರಿ ಹಿಡಿದುಕೊಂಡು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಛತ್ರಿ ಮಾತ್ರ ಇತ್ತು. ಮ್ಯಾನೇಜರು ಕುರ್ಚಿಯನ್ನು ಹಳೆ ಟೈರು ನೋಡುವಂತೆ ಬಗ್ಗಿ ನೋಡಿದರು, ಕಾಲಿಗೆ ಬೂಟಿನಿಂದ ಒಮ್ಮೆ ತಟ್ಟಿದರು, ಕೊನೆಗೆ ಕೂತರು. ಕೂತ ಮೇಲೆ ಅವರ ಮುಖ ಸಡಿಲವಾಯಿತು. ಬೆನ್ನಿಗೆ ಹಿತವಾಗಿದೆ ಎಂದರು. ಮಾವ, ಟೈಲರಮ್ಮ, ವ್ಯಾನಿನ ಮೆಕ್ಯಾನಿಕ್ಕುಗಳು ಎಲ್ಲರೂ ಗೋಡೆಗೆ ಒರಗಿ ತೀರ್ಪಿಗೆ ಕಾದರು. ಇಂದು ಸಾಹೇಬರ ಬಾಯಲ್ಲಿ ಬಂದ ಪ್ರಾಣಿ ನಾಳೆ ಶಿಫಾರಸಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಂಟ್ರೋಲರು ಯೂನಿಫಾರಂ ತೊಟ್ಟು, ಚಹಾದ ತಟ್ಟೆ ಹಿಡಿದು ನಿಂತಿದ್ದರು.

ಆಗ ಶೆಡ್ಡಿನ ಮೇಡಂ ಬಂದರು. ಅವರ ಹಿಂದೆ ಒಬ್ಬ ಪೊಲೀಸ್ ಪೇದೆ.

ಮೇಡಂ ಬೆಳಿಗ್ಗೆ ಊರಿನಿಂದ ಬಂದು ನೋಡಿದರೆ ಶೆಡ್ಡಿನಲ್ಲಿ ಕುರ್ಚಿ ಇರಲಿಲ್ಲ. ವಾರಗಟ್ಟಲೆ ಮಾಡಿದ ಕೆಲಸ. ಮುಖವೊಂದು ಬಿಟ್ಟು ಎಲ್ಲ ಮುಗಿದಿತ್ತು. ಕಳುವಾಗಿದೆ ಎಂದು ನೇರ ಠಾಣೆಗೆ ಹೋಗಿದ್ದರು. ಬರುವ ದಾರಿಯಲ್ಲಿ ಊರಿಗೆ ಊರೇ ಕಂಟ್ರೋಲರ ಕುರ್ಚಿಯ ಬಗ್ಗೆ ಜಗಳವಾಡುತ್ತಿದ್ದದ್ದು ಕಿವಿಗೆ ಬಿದ್ದು ಇಲ್ಲಿಗೆ ಬಂದಿದ್ದರು. ಒಳಗೆ ಕಾಲಿಟ್ಟವರೇ, ಇದೇ ನನ್ನ ಕುರ್ಚಿ ಎಂದರು.

ಪೇದೆ ಒಪ್ಪಲಿಲ್ಲ. ಅವನು ಕೆಲಸದಲ್ಲಿ ಕಟ್ಟುನಿಟ್ಟು.

"ನೀವು ಹೇಳಿದ್ದು ಮುಖ ಇಲ್ಲದ ಕುರ್ಚಿ, ಮೇಡಂ. ಇದಕ್ಕೆ ಮುಖ ಇದೆಯಲ್ಲ. ಕಣ್ಣು ನೋಡಿ, ಕಿವಿ ನೋಡಿ. ಇದು ಕುದುರೆ."

ಅದು ಕಣ್ಣಲ್ಲ, ಮರದ ಗಂಟು ಎಂದರು ಮೇಡಂ. ಕಿವಿಯೂ ಅಲ್ಲ, ಏನು ಮಾಡುವುದೆಂದು ಇನ್ನೂ ತೋಚದೆ, ಬೇಕಾಗಬಹುದು ಎಂದು ಬಿಟ್ಟ ಮರ. ಈ ಕುರ್ಚಿಗೆ ಮುಖ ಇಲ್ಲ.

ಮುಖವೇ ಇಲ್ಲವೆಂದಾದರೆ ಇಷ್ಟು ದಿನ ಎರಡು ಶಿಫ್ಟುಗಳು, ಒಂದು ನಿಲ್ದಾಣ, ಒಬ್ಬ ಮಾವ, ಒಬ್ಬ ಟೈಲರಮ್ಮ ನೋಡಿದ್ದೇನು ಎಂಬ ಪ್ರಶ್ನೆ ಬರುತ್ತದೆ. ಮಾವ ಮೊದಲು ಚೇತರಿಸಿಕೊಂಡು, ಕತ್ತೆಗೆ ಮುಖ ಇದ್ದೇ ಇದೆ ಎಂದರು. ಟೈಲರಮ್ಮ ಜೀವನದಲ್ಲಿ ಮೊದಲ ಸಲ ಅವರ ಮಾತಿಗೆ ತಲೆಯಾಡಿಸಿದರು; ಪ್ರಾಣಿ ಯಾವುದೇ ಇರಲಿ, ಮುಖ ಇದೆ.

ಯಾರು ಎತ್ತಿಕೊಂಡು ಬಂದದ್ದು ಎಂದು ಪೇದೆ ಕೇಳಿದ. ಮೆಕ್ಯಾನಿಕ್ಕುಗಳಿಬ್ಬರೂ ಗೋಡೆಯೊಳಗೆ ಹೋಗಲು ಪ್ರಯತ್ನಿಸಿದರು. ಮ್ಯಾನೇಜರಿಗೆ ಥಟ್ಟನೆ ಪರಿಸ್ಥಿತಿ ಹೊಳೆಯಿತು. ಡಿಪೋದ ವ್ಯಾನು, ಡಿಪೋದ ಜನ, ಕದ್ದ ಮಾಲು, ಅದರ ಮೇಲೆ ಕೂತಿರುವುದು ಡಿಪೋದ ಮ್ಯಾನೇಜರು. ಅವರು ಗಂಟಲು ಸರಿಮಾಡಿಕೊಂಡರು.

"ಪೊಲೀಸ್ನೋರೇ, ಇದು ಸಿಂಹ," ಅಂದರು. "ನಮ್ಮ ಕಂಟ್ರೋಲರದ್ದು. ಮೇಡಮ್ಮಿಂದು ಬೇರೆ ಇರ್ಬೇಕು. ಇದಕ್ಕೆ ಮುಖ ಇದೆ, ಇದು ಸಿಂಹ, ಅಷ್ಟೇ."

"ಸಿಂಹಾನೇ, ಸಾರ್," ಅಂದರು ಹಿಂದಿನ ಗೇಟಿನವರು. "ಬಾಗಿಲಲ್ಲೇ ಅನ್ಕೊಂಡೆ, ಏನು ಗಾಂಭೀರ್ಯ ಅಂತ."

ಕತ್ತೆಯನ್ನು ಊರಿಗೆಲ್ಲ ಹಂಚಿದ ಬಾಯಿ ಅದೇ. ಸಾಹೇಬರ ಮಾತು ಕೇಳಿ ಪೇದೆಗೂ ಕುದುರೆಯ ಮೇಲಿನ ನಂಬಿಕೆ ಸ್ವಲ್ಪ ಸಡಿಲಿತು. ಈ ಕಡೆಯಿಂದ ನೋಡಿದರೆ ಸಿಂಹದ ಹಾಗೂ ಇದೆ ಎಂದ. ಮಾವ ಅಳಿಯನ ಮುಖ ನೋಡಿದರು, ತಮ್ಮ ಮಗಳ ಮುಖ ನೋಡಿದರು, ಕೋಲಿನ ಮೇಲೆ ಭಾರ ಬದಲಿಸಿ, ಹಾಗೆ ಹೇಳಬೇಕೆಂದರೆ ಸಿಂಹ ಅನ್ನಬಹುದು ಎಂದು ಗೊಣಗಿದರು. ಹೀಗೆ ಕಂಟ್ರೋಲರು ತಿಂಗಳಿಂದ ಯಾವುದಕ್ಕಾಗಿ ಕತ್ತು ನೋಯಿಸಿಕೊಂಡಿದ್ದರೋ ಅದು ಒಂದೇ ನಿಮಿಷದಲ್ಲಿ, ಪೊಲೀಸರ ಸಮಕ್ಷಮದಲ್ಲಿ, ಸರ್ವಾನುಮತದಿಂದ ಸಿಕ್ಕಿತು. ಇನ್ನು ಅವರು ಹೂಂ ಅನ್ನುವುದಷ್ಟೇ ಬಾಕಿ. ಮ್ಯಾನೇಜರು ಅವರನ್ನು ಹತ್ತಿರ ಕರೆದು, ಹೂಂ ಅನ್ನಿ, ನಾಳೆಯೇ ಶಿಫಾರಸು ಹೋಗುತ್ತದೆ, ಇನ್ನು ಮೇಲೆ ಶಿಫ್ಟ್ ಇಲ್ಲ ಎಂದು ಕಿವಿಯಲ್ಲಿ ಹೇಳಿದರು. ಅದು ಎಲ್ಲರಿಗೂ ಕೇಳಿಸಿತು.

ಮೇಡಂ ಜಗಳ ಮಾಡಲಿಲ್ಲ. ಸುಮ್ಮನೆ ನಿಂತು ಆ ಉಂಡೆಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು, ಬೇರೆಯವರ ಮನೆಯಲ್ಲಿ ಆಡಿಕೊಂಡು ಬಂದ ಮಗುವಿನ ತಲೆಯಿಂದ ಕಸ ತೆಗೆಯುವ ಹಾಗೆ.

ಕಂಟ್ರೋಲರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಬಂದು ಗಂಡನ ಕೈಯಿಂದ ಚಹಾದ ತಟ್ಟೆ ತೆಗೆದುಕೊಂಡರು. ಕೈ ಖಾಲಿಯಾದ ಕಂಟ್ರೋಲರು ಬಾಯಿ ತೆರೆದರು. ಹೊಟ್ಟೆಯ ತಳದ ದನಿ ಬರಬೇಕಿತ್ತು. ಅವರದ್ದೇ ದನಿ ಬಂತು.

"ಇದಕ್ಕೆ ಮುಖ ಇಲ್ಲ, ಸಾರ್. ಇದು ಅವರದ್ದೇ ಕುರ್ಚಿ. ತಿಂಗಳ ಕೊನೆ ಅಂದಿದ್ರು, ಟೈಮಾಯ್ತು ಅಂತ ಹೇಳಿ ನಾನೇ ಎತ್ತಿಸ್ಕೊಂಡು ಬಂದೆ. ವ್ಯಾನಿನೋರಿಗೆ ಏನೂ ಗೊತ್ತಿಲ್ಲ, ನಾನು ಕಳಿಸ್ದೆ, ಅವರು ಹೋದ್ರು. ಏನಿದ್ರೂ ನನ್ನ ಮೇಲೆ ಹಾಕಿ."

ಇಷ್ಟು ಹೇಳುವಾಗ ಅವರ ಕತ್ತು ಯೂನಿಫಾರಂ ಕಾಲರಿನಿಂದ ಇಷ್ಟುದ್ದ ಹೊರಗೆ ಬಂದಿತ್ತು. ಹೇಳಿ ಮುಗಿದದ್ದೇ ತಡ, ಹಾಗೇ ಒಳಗೆ ಹೋಯಿತು.

"ಅಯ್ಯೋ, ಇನ್ನೊಂದ್ಸಲ ಹಾಗೆ ಮಾಡಿ," ಎಂದರು ಮೇಡಂ.

ಮೇಡಂ ಮ್ಯಾನೇಜರನ್ನು ದಯವಿಟ್ಟು ಸ್ವಲ್ಪ ಏಳಿ ಎಂದು ಎಬ್ಬಿಸಿ, ಮೆಕ್ಯಾನಿಕ್ಕುಗಳಿಗೆ ಕೈಸನ್ನೆ ಮಾಡಿ, ಕುರ್ಚಿಯನ್ನು ಗೋಡೆಯಿಂದ ಎಳೆಸಿ ಹಿಂದುಮುಂದಾಗಿ ತಿರುಗಿಸಿದರು. ಆಗ ಎಲ್ಲರೂ ಮೊದಲ ಸಲ ಅದರ ಬೆನ್ನನ್ನು ಸರಿಯಾಗಿ ನೋಡಿದರು. ದುಂಡಗೆ ಉಬ್ಬಿದ ಬೆನ್ನು, ಅದರ ತುಂಬ ಒಂದಕ್ಕೊಂದು ಹೊಂದಿಸಿದ ಬಿಲ್ಲೆಗಳು, ಅಂಚಿಗೆ ಸಣ್ಣ ಮಡಿಕೆ. ಹಲಗೆಯಲ್ಲಿ ಪ್ರಯಾಣಿಕರ ಚಪ್ಪಲಿಗಳು ಸವೆಸಿದ ಗೆರೆಗಳೇ ಚಿಪ್ಪಿನ ಗೆರೆಗಳಾಗಿದ್ದವು. ಆಮೆ ಎಂದು ಯಾರೂ ಹೇಳಬೇಕಾಗಲಿಲ್ಲ.

"ಆವತ್ತು ಇಡೀ ದಿನ ಕೂತೆ," ಎಂದರು ಮೇಡಂ ಕಂಟ್ರೋಲರಿಗೆ. "ತಲೆ ಹೊರಗೆ ಬರ್ಲೇ ಇಲ್ಲ. ಚಿಪ್ಪಷ್ಟೇ ಕಂಡಿದ್ದು, ಅದನ್ನ ಮಾಡಿಟ್ಟೆ. ತಲೆ ಕಂಡಿದ್ದು ಇವತ್ತು."

ಅವರು ಸೆರಗಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಉಂಡೆಯ ಮೇಲೆ ಅಲ್ಲೇ ಗುರುತು ಹಾಕತೊಡಗಿದರು. ಪೇದೆ ದೂರಿನ ಗತಿ ಏನೆಂದು ಕೇಳಿದ. ಕಳುವಾದದ್ದು ಸಿಕ್ಕಿತಲ್ಲ, ಇನ್ನೇನು ಎಂದರು ಮೇಡಂ, ತಲೆಯೆತ್ತದೆ. ಪೇದೆ ಒಂದು ಚಹಾ ಕುಡಿದು, ಮೊದಲೇ ನನಗೆ ಆಮೆ ಇರಬಹುದೇನೋ ಅಂತ ಒಂದು ಅನುಮಾನ ಇತ್ತು ಎಂದು ಹೇಳಿ ಹೋದ.

ಮ್ಯಾನೇಜರು ಬಾಗಿಲ ತನಕ ಹೋಗಿ ತಿರುಗಿ ನಿಂತರು. ಕೋಪವೇನೂ ಇರಲಿಲ್ಲ. ಬಹಳ ದಿನದ ಗೊಂದಲ ಬಗೆಹರಿದವರ ನೆಮ್ಮದಿ ಇತ್ತು.

"ನೀವು ಒಳ್ಳೇವ್ರು ಕಂಟ್ರೋಲ್ರೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಂಗೆ ಬೇಕಾಗಿರೋ ಅಸಿಸ್ಟೆಂಟು, ನಾನು ಸಿಂಹ ಅಂದ್ರೆ ಸಿಂಹ ಅನ್ನೋನು."

ಛತ್ರಿ ಅವರ ಹಿಂದೆಯೇ ಹೋಯಿತು.

ಆ ರಾತ್ರಿಯೂ ಕಂಟ್ರೋಲರಿಗೆ ಶಿಫ್ಟ್ ಇತ್ತು. ಹೆಂಡತಿ ಡಬ್ಬಿ ಕಟ್ಟಿಕೊಡುವಾಗ, ಆಮೆ ಅಂದರೆ ನಿಧಾನ ಅಂತಲ್ಲವೇ, ಬಸ್ಸಿನವರಿಗೆ ಅವಮಾನವಲ್ಲವೇ ಎಂದು ಅವರು ಕೇಳಿದರು. ಹೆಂಡತಿ ಮುಚ್ಚಳ ಒತ್ತುತ್ತಾ, ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬೇಗ ನಡೆಯುವ ಪ್ರಾಣಿ ಯಾವುದಿದೆ, ಒಂದು ಹೇಳಿ ನೋಡೋಣ ಎಂದರು. ಕಂಟ್ರೋಲರು ಡಬ್ಬಿ ಹಿಡಿದು ಹೊರಟರು. ಗೇಟಿನಲ್ಲಿ ಸೀಟಿ ಊದಿದಾಗ ಬ್ರೇಕ್‌ಡೌನ್ ವ್ಯಾನಿನ ಇಬ್ಬರೂ ಬೀಡಿ ಬಿಸಾಡಿ ಎದ್ದು, ಅಲ್ಲಿದ್ದ ಡ್ರೈವರುಗಳನ್ನೂ ಎಬ್ಬಿಸಿದರು. ಯಾರ ಕಾಲೂ ನಡುಗುತ್ತಿರಲಿಲ್ಲ. ಬಸ್ಸು ಮಾತ್ರ ಹೊರಟಿತು.

ಕುರ್ಚಿಗೆ ತಲೆ ಬಂತು, ಕುರ್ಚಿ ಮನೆಗೆ ಬಂತು. ಅದರಲ್ಲಿ ಈಗ ಮಾವ ಕೂರುತ್ತಾರೆ. ಅಳಿಯನ ಬಗ್ಗೆ ಮಾತು ಬಂದರೆ, ನಮ್ಮ ಮನೆಯಲ್ಲಿ ಆಮೆ ಇದೆ ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತಾರೆ.

ಹಿಂದಿನ ಗೇಟಿನವರು ಅಸಿಸ್ಟೆಂಟ್ ಮ್ಯಾನೇಜರಾದರು. ಬಾಗಿಲಿರುವ ಕೋಣೆ ಸಿಕ್ಕಿತು, ಫ್ಯಾನು ಸಿಕ್ಕಿತು. ಈಗ ಅವರಿಗೂ ತಕ್ಕದೊಂದು ಕುರ್ಚಿ ಬೇಕೆನ್ನಿಸಿ ಮೇಡಮ್ಮನ್ನು ಕರೆಸಿದರು. ಮೇಡಂ ಬಂದು ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಹೊಸ ಸಾಹೇಬರಿಗೆ ಹಿಂದಿನ ಕಥೆಯೆಲ್ಲ ಗೊತ್ತಿತ್ತು. ಏನು ಮಾಡಿದರೆ ಏನು ಕಂಡುಬಿಡುತ್ತದೋ ಎಂದು ಅವರು ಏನೂ ಮಾಡಲಿಲ್ಲ. ಗದರಿಸಲಿಲ್ಲ, ನಗಲಿಲ್ಲ, ಫೋನು ಬಡಿದುಕೊಂಡರೂ ಎತ್ತಲಿಲ್ಲ. ಡ್ರೈವರೊಬ್ಬ ಬಂದು ರಜೆ ಕೇಳಿದ, ಅವನಿಗೆ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಮ್ಯಾನೇಜರು ಒಳಗೆ ಬಂದಾಗ ಮಾತ್ರ ಅರ್ಧ ಎದ್ದರು, ಮೇಡಮ್ಮಿನ ಕಡೆ ನೋಡಿ ಹಾಗೇ ಅರ್ಧದಲ್ಲಿ ನಿಂತರು, ಮ್ಯಾನೇಜರು ಹೋಗುವ ತನಕ ಕೂರಲೂ ಇಲ್ಲ, ಏಳಲೂ ಇಲ್ಲ.

ಸಂಜೆಯಾಯಿತು. ಮೇಡಂ ಎದ್ದು ಸೀರೆ ಕೊಡವಿಕೊಂಡರು. ಸಾಹೇಬರು ತಡೆಯಲಾರದೆ, ಯಾವ ಪ್ರಾಣಿ ಎಂದು ಕೇಳಿದರು.

ಮೇಡಂ ಒಮ್ಮೆ ಅವರನ್ನು ನೋಡಿದರು, ಒಮ್ಮೆ ಕೋಣೆಯನ್ನು ನೋಡಿದರು.

"ನಿಮಗೆ ಒಂದು ಸಾದಾ ಸ್ಟೂಲ್ ಸಾಕು, ಸಾರ್," ಎಂದರು. "ಕಾಲಿದ್ರೆ ಆಯ್ತು."